ಟಕ್ಸಿಡೊ, ಡಿನ್ನರ್ ಜಾಕೆಟ್ ಮತ್ತು ಬೆಂಗೇರಿಯ ಖಾದಿ: ಸಮಾರಂಭದ ಉಡುಪಿನ ಬಗ್ಗೆ ತಿಳಿದಿರಬೇಕಾದದ್ದು

ಕ್ರಿಸ್ಮಸ್ ಹಬ್ಬ ಮುಗಿದು ತಪಸ್ಸು ಕಾಲ ಆರಂಭವಾಗುವ ತನಕ, ಮತ್ತೆ ಈಸ್ಟರ್ ಹಬ್ಬದಿಂದ ಮಳೆಗಾಲ ಹಿಡಿಯುವ ತನಕ ನಮ್ಮ ಕಡೆ ಮದುವೆಗಳ ಕಾಲ. ಹಾಲ್, ಊಟ, ಬ್ಯಾಂಡು, ವಿಡಿಯೋ ಎಲ್ಲದರ ಲೆಕ್ಕ ಹಾಕಿದ ಮೇಲೆ ಈಗ ಇನ್ನೊಂದು ಖರ್ಚು ಸೇರಿಕೊಂಡಿದೆ. ಅದು ವರನಿಗೂ ಅವನ ಜೊತೆ ನಿಲ್ಲುವ ಧೆಡೊಗಳಿಗೂ ಟಕ್ಸಿಡೊ. ಸಿನೆಮಾ, ಟಿವಿ ಮತ್ತು ವಿದೇಶದಿಂದ ಬರುವ ಮದುವೆ ಫೋಟೋಗಳ ಮೂಲಕ ಈ ಉಡುಪು ನಮ್ಮ ಊರುಗಳಿಗೆ ಬಂದಿದೆ. ಆದರೆ ಅದು ಏನು, ಯಾವಾಗ ತೊಡುವುದು, ಕೊಳ್ಳುವುದೋ ಬಾಡಿಗೆಗೆ ತರುವುದೋ, ಅದರ ಬದಲು ನಮ್ಮದೇ ಉಡುಪು ತೊಟ್ಟರೆ ಮರ್ಯಾದೆ ಕಡಿಮೆಯೋ ಎಂಬ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಕೊಡುವವರು ಕಡಿಮೆ.

ಈ ಲೇಖನದ ಉದ್ದೇಶ ಆ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಒದಗಿಸುವುದು. ಮದುವೆ ಸಿದ್ಧತೆಯಲ್ಲಿರುವ ಕುಟುಂಬಗಳಿಗೂ, ವಿವಾಹ ಪೂರ್ವ ತರಬೇತಿ ನಡೆಸುವ ಧರ್ಮಕೇಂದ್ರಗಳ ಕಾರ್ಯಕರ್ತರಿಗೂ, ಹಡಗು ಮತ್ತು ಹೋಟೆಲುಗಳಲ್ಲಿ ದುಡಿಯುವ ನಮ್ಮ ಯುವಕರಿಗೂ ಇದು ಉಪಯುಕ್ತವಾದೀತು. ಇದರ ಜೊತೆಗೆ ಹುಬ್ಬಳ್ಳಿಯ ಬೆಂಗೇರಿಯ ವಿಷಯವೂ ಬರುತ್ತದೆ. ಸಮಾರಂಭಕ್ಕೆ ನಮ್ಮ ನಾಡಿನ ಬಟ್ಟೆ ಯಾವುದು ಎಂದು ಕೇಳಿದಾಗ ಖಾದಿಯನ್ನು ಬಿಡಲಾಗದು. ಕರ್ನಾಟಕದಲ್ಲಿ ಖಾದಿ ಎಂದಾಗ ಬೆಂಗೇರಿಯನ್ನು ಬಿಡಲಾಗದು.

ಡಿನ್ನರ್ ಜಾಕೆಟ್ ಎಂದರೇನು?

ಬ್ರಿಟಿಷರು ಡಿನ್ನರ್ ಜಾಕೆಟ್ ಎನ್ನುವುದನ್ನೇ ಅಮೆರಿಕನ್ನರು ಟಕ್ಸಿಡೊ ಎನ್ನುತ್ತಾರೆ. ಫ್ರೆಂಚರು, ಇಟಾಲಿಯನ್ನರು ಮತ್ತು ಜರ್ಮನ್ನರು ಅದನ್ನು ಸ್ಮೋಕಿಂಗ್ ಎಂದು ಕರೆಯುತ್ತಾರೆ. ಆಮಂತ್ರಣ ಪತ್ರಿಕೆಯಲ್ಲಿ 'ಬ್ಲ್ಯಾಕ್ ಟೈ' ಎಂದು ಬರೆದಿದ್ದರೆ ಕಪ್ಪು ಬಣ್ಣದ ಟೈ ಕಟ್ಟಿಕೊಂಡು ಬನ್ನಿ ಎಂದಷ್ಟೇ ಅರ್ಥವಲ್ಲ. ಡಿನ್ನರ್ ಜಾಕೆಟ್ ಸಹಿತ ಪೂರ್ಣ ಉಡುಪಿನಲ್ಲಿ ಬನ್ನಿ ಎಂದು ಅರ್ಥ. 'ವೈಟ್ ಟೈ' ಎಂದರೆ ಅದಕ್ಕಿಂತಲೂ ಮೇಲಿನ ದರ್ಜೆ: ಹಿಂದುಗಡೆ ಬಾಲವಿರುವ ಟೇಲ್ ಕೋಟು, ಬಿಳಿ ವೇಸ್ಟ್ ಕೋಟು ಮತ್ತು ಬಿಳಿ ಬೋ ಟೈ. 'ಲೌಂಜ್ ಸೂಟ್' ಎಂದರೆ ನಾವು ಸಾಮಾನ್ಯವಾಗಿ ತೊಡುವ ಸೂಟು ಮತ್ತು ಉದ್ದ ಟೈ. ಈ ಮೂರನ್ನು ಬೆರೆಸಿಕೊಂಡು ಅನೇಕರು ತೊಂದರೆಗೊಳಗಾಗುತ್ತಾರೆ.

ಸಾಮಾನ್ಯ ಕಪ್ಪು ಸೂಟು ಟಕ್ಸಿಡೊ ಅಲ್ಲ. ಟಕ್ಸಿಡೊದ ಮುಖ್ಯ ಗುರುತು ರೇಷ್ಮೆ ಹೊದಿಕೆ: ಕೋಟಿನ ಕಾಲರಿನಿಂದ ಇಳಿಯುವ ಲ್ಯಾಪಲ್‌ಗಳಿಗೆ ಸ್ಯಾಟಿನ್ ಅಥವಾ ಗ್ರೋಗ್ರೇನ್ ರೇಷ್ಮೆಯ ಮುಚ್ಚಿಗೆ, ಪ್ಯಾಂಟಿನ ಹೊರ ಹೊಲಿಗೆಯ ಉದ್ದಕ್ಕೂ ಅದೇ ಬಗೆಯ ಒಂದು ಪಟ್ಟಿ.

ಹುಟ್ಟಿದ್ದು ಹೀಗೆ

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಸಿರಿವಂತರು ರಾತ್ರಿ ಊಟಕ್ಕೆ ಟೇಲ್ ಕೋಟು ತೊಡಬೇಕಿತ್ತು. ಲಂಡನ್ನಿನ ಸ್ಯಾವಿಲ್ ರೋ ಬೀದಿಯ ಹೆನ್ರಿ ಪೂಲ್ ಅಂಡ್ ಕಂಪನಿ ಎಂಬ ದರ್ಜಿ ಸಂಸ್ಥೆ 1865ರಲ್ಲಿ ವೇಲ್ಸ್ ರಾಜಕುಮಾರನಿಗಾಗಿ, ಅಂದರೆ ಮುಂದೆ ಏಳನೇ ಎಡ್ವರ್ಡ್ ದೊರೆಯಾದವನಿಗಾಗಿ, ಬಾಲವಿಲ್ಲದ ಗಿಡ್ಡ ಕೋಟೊಂದನ್ನು ಹೊಲಿದುಕೊಟ್ಟಿತು. ಸ್ಯಾಂಡ್ರಿಂಗ್‌ಹ್ಯಾಮ್ ಮನೆಯಲ್ಲಿ ಆಪ್ತರ ಜೊತೆ ಊಟ ಮಾಡುವಾಗ ತೊಡಲು ಅದು ಬೇಕಾಗಿತ್ತು. ಅಂದರೆ ಇಂದು ನಾವು ಅತಿ ಗಂಭೀರ ಉಡುಪು ಎಂದು ಭಾವಿಸುವ ಡಿನ್ನರ್ ಜಾಕೆಟ್ ಹುಟ್ಟಿದ್ದು ಆರಾಮದ ಉಡುಪಾಗಿ.

ಅಮೆರಿಕದ ನ್ಯೂಯಾರ್ಕ್ ನಗರದ ಉತ್ತರಕ್ಕೆ ಟಕ್ಸಿಡೊ ಪಾರ್ಕ್ ಎಂಬ ಊರಿದೆ. ಹೊಗೆಸೊಪ್ಪಿನ ವ್ಯಾಪಾರಿ ಪಿಯರ್ ಲೋರಿಲ್ಯಾರ್ಡ್ 1886ರಲ್ಲಿ ಅಲ್ಲಿ ಸಿರಿವಂತರ ವಸತಿ ಮತ್ತು ಕ್ಲಬ್ಬನ್ನು ಕಟ್ಟಿಸಿದ. ಆ ಕ್ಲಬ್ಬಿನ ಸದಸ್ಯರು ಗಿಡ್ಡ ಕೋಟು ತೊಡಲು ಆರಂಭಿಸಿದ್ದರಿಂದ ಕೋಟಿಗೆ ಊರಿನ ಹೆಸರೇ ನಿಂತಿತು. ಟಕ್ಸಿಡೊ ಎಂಬ ಪದದ ಮೂಲ ಮಾತ್ರ ಆ ನೆಲದ ಆದಿವಾಸಿ ಜನರ ಭಾಷೆಯದು.

ಇದರಲ್ಲಿ ಭಾರತದ ಪಾಲು

ಡಿನ್ನರ್ ಜಾಕೆಟ್ಟಿನ ಕೆಳಗೆ ಸೊಂಟಕ್ಕೆ ಸುತ್ತುವ ನೆರಿಗೆಯ ರೇಷ್ಮೆ ಪಟ್ಟಿಗೆ ಇಂಗ್ಲಿಷಿನಲ್ಲಿ ಕಮರ್‌ಬಂಡ್ ಎನ್ನುತ್ತಾರೆ. ಇದು ಪರ್ಷಿಯನ್ ಮತ್ತು ಹಿಂದುಸ್ತಾನಿಯ ಕಮರ್‌ಬಂದ್. ಕಮರ್ ಎಂದರೆ ಸೊಂಟ, ಬಂದ್ ಎಂದರೆ ಕಟ್ಟು. ಭಾರತದ ಸೆಕೆಯಲ್ಲಿ ಉಣ್ಣೆಯ ಕೋಟಿನ ಒಳಗೆ ವೇಸ್ಟ್ ಕೋಟು ತೊಡಲಾಗದ ಬ್ರಿಟಿಷ್ ಸೈನ್ಯಾಧಿಕಾರಿಗಳು ನಮ್ಮವರ ಸೊಂಟಪಟ್ಟಿಯನ್ನು ತಮ್ಮದಾಗಿಸಿಕೊಂಡರು. ಉಷ್ಣವಲಯದ ಊರುಗಳಲ್ಲಿಯೂ ಹಡಗುಗಳಲ್ಲಿಯೂ ಕಪ್ಪಿನ ಬದಲು ಬಿಳಿ ಡಿನ್ನರ್ ಜಾಕೆಟ್ ರೂಢಿಗೆ ಬಂದದ್ದೂ ಸೆಕೆಯ ಕಾರಣಕ್ಕೇ. ಹವೆಗೆ ತಕ್ಕಂತೆ ನಿಯಮವನ್ನು ಬದಲಿಸಿಕೊಳ್ಳಲು ಆ ನಿಯಮ ಮಾಡಿದವರೇ ಹಿಂಜರಿಯಲಿಲ್ಲ ಎಂಬುದನ್ನು ಗಮನಿಸಬೇಕು.

ನಮ್ಮ ಕಡೆ ಈ ಉಡುಪು ಬಂದದ್ದು ಕಂಟೋನ್ಮೆಂಟುಗಳು, ಪ್ಲಾಂಟರುಗಳ ಕ್ಲಬ್ಬುಗಳು ಮತ್ತು ರೈಲ್ವೆಯ ಮೂಲಕ. ಸದರ್ನ್ ಮರಾಠಾ ರೈಲ್ವೆಯ ಕಾರ್ಯಾಗಾರದಿಂದ ಬೆಳೆದ ಹುಬ್ಬಳ್ಳಿಯಂತಹ ಊರುಗಳಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳಿದ್ದವು. ರೈಲ್ವೆ ಊರುಗಳ ಇನ್‌ಸ್ಟಿಟ್ಯೂಟುಗಳಲ್ಲಿ ಕ್ರಿಸ್ಮಸ್ ಮತ್ತು ಹೊಸ ವರ್ಷದ ನೃತ್ಯಕೂಟಗಳಿಗೆ ಒಳ್ಳೆಯ ಸೂಟು ತೊಟ್ಟು ಹೋಗುವುದು ಆ ಸಮುದಾಯದ ರೂಢಿಯಾಗಿತ್ತು. ಕರಾವಳಿಯ ಕ್ರೈಸ್ತರಲ್ಲಿ ಹಡಗಿನ ಕೆಲಸಕ್ಕೆ ಹೋದವರೂ ಬ್ಯಾಂಡಿನಲ್ಲಿ ವಾದ್ಯ ನುಡಿಸಿದವರೂ ಈ ಉಡುಪನ್ನು ಹತ್ತಿರದಿಂದ ಕಂಡರು. ಅವರಲ್ಲಿ ಎಷ್ಟೋ ಮಂದಿಗೆ ಅದು ಭೋಗದ ಉಡುಪಾಗಿರಲಿಲ್ಲ, ಕೆಲಸದ ಸಮವಸ್ತ್ರವಾಗಿತ್ತು.

ಪೂರ್ಣ ಉಡುಪಿನ ಭಾಗಗಳು

1. ಕೋಟು: ಕಪ್ಪು ಅಥವಾ ತೀರಾ ಗಾಢ ನೀಲಿ. ದೀಪದ ಬೆಳಕಿನಲ್ಲಿ ಗಾಢ ನೀಲಿಯು ಕಪ್ಪಿಗಿಂತ ಕಪ್ಪಾಗಿ ಕಾಣುತ್ತದೆ. ಮುಂಭಾಗದಲ್ಲಿ ಒಂದೇ ಗುಂಡಿ ಇರುವುದು ಸಂಪ್ರದಾಯ. ಲ್ಯಾಪಲ್ ಮೇಲ್ಮುಖವಾಗಿ ಚೂಪಾಗಿರಬೇಕು ಅಥವಾ ಶಾಲಿನಂತೆ ದುಂಡಗಿರಬೇಕು.

2. ಪ್ಯಾಂಟು: ಕೋಟಿನ ಬಟ್ಟೆಯದೇ. ಕೆಳಗೆ ಮಡಿಕೆ ಇರಬಾರದು. ಬೆಲ್ಟು ಹಾಕುವುದಿಲ್ಲ, ಬದಿಯ ಪಟ್ಟಿಗಳಿಂದಲೋ ಭುಜದ ಬ್ರೇಸಸ್‌ಗಳಿಂದಲೋ ಸೊಂಟಕ್ಕೆ ನಿಲ್ಲಿಸುವುದು.

3. ಅಂಗಿ: ಬಿಳಿ. ಎದೆಯ ಭಾಗದಲ್ಲಿ ನೆರಿಗೆ ಅಥವಾ ಮಾರ್ಸೆಲಾ ನೇಯ್ಗೆ. ಗುಂಡಿಯ ಬದಲು ಸ್ಟಡ್‌ಗಳು, ತೋಳಿಗೆ ಕಫ್‌ಲಿಂಕ್.

4. ಬೋ ಟೈ: ಕಪ್ಪು ರೇಷ್ಮೆಯದು. ಉದ್ದ ಟೈ ಇದಕ್ಕೆ ಹೊಂದುವುದಿಲ್ಲ.

5. ಸೊಂಟಕ್ಕೆ ಕಮರ್‌ಬಂಡ್ ಅಥವಾ ತಗ್ಗು ಕತ್ತಿನ ವೇಸ್ಟ್ ಕೋಟು. ಎರಡನ್ನೂ ಒಟ್ಟಿಗೆ ತೊಡುವುದಿಲ್ಲ. ಕಮರ್‌ಬಂಡಿನ ನೆರಿಗೆಗಳು ಮೇಲ್ಮುಖವಾಗಿರಬೇಕು.

6. ಪಾದರಕ್ಷೆ: ಕಪ್ಪು ಲೇಸಿನ ಆಕ್ಸ್‌ಫರ್ಡ್ ಶೂ, ಹೊಳೆಯುವಂತೆ ಪಾಲಿಶ್ ಮಾಡಿದ್ದು. ಕಪ್ಪು ಕಾಲುಚೀಲ.

ಈ ಪಟ್ಟಿಯನ್ನು ನೋಡಿದರೆ ಒಂದು ವಿಷಯ ತಿಳಿಯುತ್ತದೆ. ಕೋಟಿನ ಬೆಲೆಯೊಂದೇ ಟಕ್ಸಿಡೊದ ಬೆಲೆಯಲ್ಲ. ಅಂಗಿ, ಸ್ಟಡ್, ಟೈ, ಪಟ್ಟಿ, ಶೂ ಎಲ್ಲವೂ ಬೇರೆಯೇ ಬೇಕು; ಅವುಗಳಲ್ಲಿ ಕೆಲವು ಬೇರೆ ಯಾವ ದಿನಕ್ಕೂ ಉಪಯೋಗಕ್ಕೆ ಬಾರವು.

ಬೆಳಗಿನ ಮದುವೆಗೆ ಟಕ್ಸಿಡೊ ಸರಿಯೇ?

ಸಂಪ್ರದಾಯದ ಪ್ರಕಾರ ಸರಿಯಲ್ಲ. ಡಿನ್ನರ್ ಜಾಕೆಟ್ ಹೆಸರೇ ಹೇಳುವಂತೆ ರಾತ್ರಿಯ ಉಡುಪು. ಸಂಜೆ ಆರು ಗಂಟೆಯ ನಂತರ, ಅಥವಾ ಚಳಿಗಾಲದಲ್ಲಿ ಕತ್ತಲಾದ ಮೇಲೆ ತೊಡುವುದು ನಿಯಮ. ಇಂಗ್ಲೆಂಡಿನಲ್ಲಿ ಹಗಲಿನ ಮದುವೆಗೆ ಮಾರ್ನಿಂಗ್ ಕೋಟು ಎಂಬ ಬೇರೆಯೇ ಉಡುಪಿದೆ.

ನಮ್ಮಲ್ಲಿ ಮದುವೆಯ ಬಲಿಪೂಜೆ ಬೆಳಿಗ್ಗೆಯೋ ಮಧ್ಯಾಹ್ನದ ನಂತರವೋ ನಡೆಯುತ್ತದೆ. ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಿನಲ್ಲಿ ಟಕ್ಸಿಡೊ ತೊಟ್ಟು ದೇವಾಲಯದ ಮೆಟ್ಟಿಲು ಹತ್ತುವ ವರನು ಆ ಉಡುಪಿನ ತವರಿನಲ್ಲಿ ತಪ್ಪು ಉಡುಪು ತೊಟ್ಟವನೆಂದೇ ಎಣಿಸಲ್ಪಡುತ್ತಾನೆ. ಇದನ್ನು ಹೇಳುವುದು ಯಾರನ್ನೂ ಹಾಸ್ಯ ಮಾಡಲು ಅಲ್ಲ. ದುಬಾರಿ ಹಣ ಕೊಟ್ಟು 'ಸರಿಯಾದದ್ದನ್ನು' ಕೊಳ್ಳುತ್ತಿದ್ದೇವೆ ಎಂದು ನಂಬಿದವರಿಗೆ ಸತ್ಯ ತಿಳಿದಿರಲಿ ಎಂದು. ಹಗಲಿನ ಮದುವೆಗೆ ಬೂದು ಅಥವಾ ಗಾಢ ನೀಲಿ ಸೂಟು ಸಾಕು, ಬಂದ್‌ಗಲಾ ಕೋಟು ಇನ್ನೂ ಚೆನ್ನ.

ಧರ್ಮಸಭೆಯ ಕಡೆಯಿಂದ ಇಲ್ಲಿ ಯಾವ ಒತ್ತಾಯವೂ ಇಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆ ವಿವಾಹಕ್ಕೆ ವಧೂವರರ ಸಮ್ಮತಿ, ಅಧಿಕಾರವುಳ್ಳ ಗುರು ಮತ್ತು ಇಬ್ಬರು ಸಾಕ್ಷಿಗಳು ಬೇಕೆನ್ನುತ್ತದೆ. ವರನ ಕೋಟಿನ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಶುಚಿಯೂ ಸಭ್ಯವೂ ಆದ ಯಾವ ಉಡುಪೂ ಪೀಠದ ಮುಂದೆ ಯೋಗ್ಯವೇ.

ರಾಷ್ಟ್ರೀಯ ಉಡುಪು ಎಲ್ಲಿಯೂ ಸಮಾನವೇ

ಅನೇಕ ಅಂತರರಾಷ್ಟ್ರೀಯ ಸಮಾರಂಭಗಳ ಆಮಂತ್ರಣದಲ್ಲಿ 'ಬ್ಲ್ಯಾಕ್ ಟೈ ಅಥವಾ ರಾಷ್ಟ್ರೀಯ ಉಡುಪು' ಎಂದು ಬರೆದಿರುತ್ತದೆ. ಈ 'ಅಥವಾ' ಎಂಬ ಪದವನ್ನು ನಮ್ಮವರು ಗಮನಿಸುವುದು ಕಡಿಮೆ. ಸ್ವಂತ ನಾಡಿನ ಸಮಾರಂಭದ ಉಡುಪು ಡಿನ್ನರ್ ಜಾಕೆಟ್ಟಿಗೆ ಸಮಾನ, ಎರಡನೆಯ ದರ್ಜೆಯದಲ್ಲ.

2019ರ ಡಿಸೆಂಬರ್ 10ರಂದು ಸ್ಟಾಕ್‌ಹೋಮಿನಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸ್ವೀಕರಿಸಿದ ಅಭಿಜಿತ್ ಬ್ಯಾನರ್ಜಿ ಪಂಚೆ ಮತ್ತು ಬಂದ್‌ಗಲಾ ಕೋಟು ತೊಟ್ಟಿದ್ದರು. ಅವರ ಪತ್ನಿ, ಸಹ ವಿಜೇತೆ ಎಸ್ತರ್ ಡುಫ್ಲೊ ಸೀರೆ ಉಟ್ಟಿದ್ದರು. ಅದು ಪುರುಷರಿಗೆ ವೈಟ್ ಟೈ ನಿಯಮವಿರುವ, ಸ್ವೀಡನ್ನಿನ ದೊರೆಯೇ ಪ್ರಶಸ್ತಿ ಕೊಡುವ ವೇದಿಕೆ.

ನಮ್ಮ ದೇಶದಲ್ಲಿಯೇ ಈ ಮಾತನ್ನು ಒಪ್ಪಿಸಲು ಕಾಲ ಹಿಡಿಯಿತು. 2014ರ ಜುಲೈಯಲ್ಲಿ ಚೆನ್ನೈನ ಕ್ರಿಕೆಟ್ ಕ್ಲಬ್ಬೊಂದರಲ್ಲಿ ಪಂಚೆ ಉಟ್ಟು ಬಂದ ಮದ್ರಾಸ್ ಹೈಕೋರ್ಟಿನ ನ್ಯಾಯಾಧೀಶರಿಗೇ ಪ್ರವೇಶ ಸಿಗಲಿಲ್ಲ. ಮರು ತಿಂಗಳೇ ತಮಿಳುನಾಡು ವಿಧಾನಸಭೆ ಅಂತಹ ನಿರ್ಬಂಧವನ್ನು ತೆಗೆದುಹಾಕುವ ಕಾನೂನು ಮಾಡಿತು. 2024ರ ಜುಲೈಯಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲೊಂದರಲ್ಲಿ ಹಾವೇರಿ ಕಡೆಯ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟ ಕಾರಣಕ್ಕೆ ಬಾಗಿಲಲ್ಲೇ ತಡೆದರು. ರಾಜ್ಯ ಸರಕಾರ ಆ ಮಾಲನ್ನು ಒಂದು ವಾರ ಮುಚ್ಚಿಸುವುದಾಗಿ ಪ್ರಕಟಿಸಿತು. ಅದೇ ವರ್ಷದ ಫೆಬ್ರವರಿಯಲ್ಲಿ ಭಾರತೀಯ ನೌಕಾಪಡೆ ತನ್ನ ಅಧಿಕಾರಿಗಳ ಮೆಸ್ಸುಗಳಲ್ಲಿ ಕುರ್ತಾ ಪೈಜಾಮವನ್ನು ತೋಳಿಲ್ಲದ ಜಾಕೆಟ್ ಸಹಿತ ತೊಡಲು ಅನುಮತಿ ನೀಡಿತ್ತು.

ಕನ್ನಡ ನಾಡಿಗೆ ತನ್ನದೇ ಸಮಾರಂಭದ ಉಡುಪಿತ್ತು. ಮೈಸೂರು ದರ್ಬಾರಿನ ಮುಚ್ಚುಕೊರಳಿನ ಉದ್ದ ಕೋಟು, ಬಿಳಿ ಪ್ಯಾಂಟು ಮತ್ತು ಜರಿಯ ಪೇಟ ಹಳೆಯ ಫೋಟೋಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಮಂಗಳೂರಿನ ಕೊಂಕಣಿ ಕ್ರೈಸ್ತ ಹಿರಿಯರು ಬಿಳಿ ಅಥವಾ ಕಪ್ಪು ಬಣ್ಣದ ಉದ್ದನೆಯ ಕುತಾಂವ್ ತೊಟ್ಟು, ತಲೆಗೆ ಉರ್ಮಾಲ್ ಸುತ್ತಿ ದೇವಾಲಯಕ್ಕೆ ಬರುತ್ತಿದ್ದರು. ವಧುವಿನ ಕಡೆ ಸಾಡೊ ಉಡುವ ಪರಂಪರೆ ಇಂದಿಗೂ ಉಳಿದಿದೆ. ರೋಸ್ ಶಾಸ್ತ್ರವೂ ಉಳಿದಿದೆ. ಕಳೆದುಹೋದದ್ದು ಪುರುಷರ ಉಡುಪು ಮಾತ್ರ.

ಈ ಉದ್ದ ಕೋಟುಗಳ ಹತ್ತಿರದ ಬಂಧುವೇ ಬಂದ್‌ಗಲಾ. ಜೋಧಪುರದಂತಹ ರಾಜಸ್ಥಾನದ ಸಂಸ್ಥಾನಗಳಲ್ಲಿ ನಮ್ಮ ಅಚ್ಕನ್ ಮತ್ತು ಇಂಗ್ಲಿಷ್ ಕೋಟಿನ ಹೊಲಿಗೆ ಸೇರಿ ರೂಪುಗೊಂಡ ಕಾರಣ ಅದನ್ನು ಜೋಧಪುರಿ ಎಂದೂ ಕರೆಯುತ್ತಾರೆ. ಕೊರಳು ಮುಚ್ಚಿರುವುದರಿಂದ ಟೈ ಬೇಡ, ಸ್ಟಡ್ ಬೇಡ, ಕಮರ್‌ಬಂಡ್ ಬೇಡ. ಹಗಲಿಗೂ ಆಗುತ್ತದೆ, ರಾತ್ರಿಗೂ ಆಗುತ್ತದೆ.

ಗಾಂಧೀಜಿಯ ಹತ್ತು ಪೌಂಡು

1888ರಲ್ಲಿ ಕಾನೂನು ಓದಲು ಲಂಡನ್ನಿಗೆ ಹೋದ ಯುವಕ ಮೋಹನದಾಸ ಗಾಂಧಿ ಇಂಗ್ಲಿಷ್ ಸಭ್ಯಸ್ಥನಾಗಬೇಕೆಂಬ ಹಂಬಲದಿಂದ ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡು ಕೊಟ್ಟು ಸಂಜೆಯ ಸೂಟು ಹೊಲಿಸಿಕೊಂಡರು. ಆ ಹಣ ವ್ಯರ್ಥವಾಯಿತೆಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದೇ ಗಾಂಧೀಜಿ 1931ರ ನವೆಂಬರಿನಲ್ಲಿ ದುಂಡು ಮೇಜಿನ ಪರಿಷತ್ತಿಗೆ ಹೋದಾಗ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಐದನೇ ಜಾರ್ಜ್ ದೊರೆಯ ಚಹಾಕೂಟಕ್ಕೆ ಖಾದಿಯ ತುಂಡು ಪಂಚೆ ಮತ್ತು ಶಾಲಿನಲ್ಲಿ ಹಾಜರಾದರು. ಅವರಿಗೆ ಅಲ್ಲಿ ಬಾಗಿಲು ಮುಚ್ಚಲಿಲ್ಲ.

ಎರಡೂ ಸಂದರ್ಭಗಳ ನಡುವೆ ನಲವತ್ತಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಮೊದಲನೆಯ ಉಡುಪಿನಿಂದ ಅವರು ಮನ್ನಣೆಯನ್ನು ಬೇಡಿದರು. ಎರಡನೆಯದರಲ್ಲಿ ತಮ್ಮ ಜನರನ್ನು ಪ್ರತಿನಿಧಿಸಿದರು.

ಬೆಂಗೇರಿ: ಧ್ವಜ ನೇಯ್ದವರ ಊರು

ಹುಬ್ಬಳ್ಳಿಯ ಕೇಶ್ವಾಪುರ ದಾಟಿದರೆ ಬೆಂಗೇರಿ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಕೇಂದ್ರ ಇಲ್ಲಿದೆ. 1957ರ ನವೆಂಬರ್ 1ರಂದು, ಏಕೀಕೃತ ರಾಜ್ಯಕ್ಕೆ ಒಂದು ವರ್ಷ ತುಂಬಿದ ದಿನ, ಗಾಂಧೀವಾದಿಗಳ ಗುಂಪೊಂದು ಇದನ್ನು ಸ್ಥಾಪಿಸಿತು. ವೆಂಕಟೇಶ ಟಿ. ಮಾಗಡಿ ಮೊದಲ ಅಧ್ಯಕ್ಷರು. ಸುಮಾರು 17 ಎಕರೆಯ ಆವರಣದ ಈ ಸಂಘ ರಾಜ್ಯದ ಅನೇಕ ಖಾದಿ ಸಂಸ್ಥೆಗಳನ್ನು ಒಂದುಗೂಡಿಸಿದೆ.

ದೇಶಕ್ಕೆ ಬೆಂಗೇರಿಯ ಹೆಸರು ತಿಳಿದದ್ದು ರಾಷ್ಟ್ರಧ್ವಜದಿಂದ. 2004ರಲ್ಲಿ ಇಲ್ಲಿ ಧ್ವಜ ತಯಾರಿಕಾ ಘಟಕ ಆರಂಭವಾಯಿತು. 2006ರಲ್ಲಿ ಭಾರತೀಯ ಮಾನಕ ಸಂಸ್ಥೆಯ ಮಾನ್ಯತೆ ದೊರೆಯಿತು. ದೀರ್ಘಕಾಲ ದೇಶದಲ್ಲಿ ಇಂತಹ ಮಾನ್ಯತೆಯುಳ್ಳ ಏಕೈಕ ಘಟಕವೆಂದು ಅದು ಹೆಸರಾಯಿತು. ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲಿ ನೂಲು ಬಟ್ಟೆಯಾಗುತ್ತದೆ. ಬೆಂಗೇರಿಯಲ್ಲಿ ಬಣ್ಣ, ಅಶೋಕ ಚಕ್ರದ ಮುದ್ರಣ, ಕತ್ತರಿ ಮತ್ತು ಹೊಲಿಗೆ. ಆರು ಇಂಚು ಅಗಲ ನಾಲ್ಕು ಇಂಚು ಎತ್ತರದ ಮೇಜಿನ ಧ್ವಜದಿಂದ ಹಿಡಿದು 21 ಅಡಿ ಅಗಲ 14 ಅಡಿ ಎತ್ತರದ ಧ್ವಜದವರೆಗೆ ಒಂಬತ್ತು ಅಳತೆಗಳಿವೆ. ಅಳತೆ, ಬಣ್ಣ ಅಥವಾ ನೂಲಿನಲ್ಲಿ ಕೊರತೆ ಕಂಡರೆ ಧ್ವಜ ತಿರಸ್ಕೃತ. ಇಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಮಹಿಳೆಯರು. ಧಾರವಾಡ ತಾಲೂಕಿನ ಗರಗದಲ್ಲಿಯೂ ಧ್ವಜದ ಖಾದಿ ನೇಯುವ ಪರಂಪರೆಯಿದೆ.

ಈ ಕೆಲಸಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 2021ರ ಡಿಸೆಂಬರ್ 30ರಂದು. ಅಂದು ಭಾರತದ ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಯಂತ್ರದಿಂದ ತಯಾರಾದ ಬಟ್ಟೆ ಮತ್ತು ಪಾಲಿಯೆಸ್ಟರ್ ಧ್ವಜಗಳಿಗೂ ಅವಕಾಶ ನೀಡಲಾಯಿತು. 2022ರ ಆಗಸ್ಟಿನಲ್ಲಿ ಹರ್ ಘರ್ ತಿರಂಗಾ ಅಭಿಯಾನ ನಡೆದಾಗ ಮನೆಮನೆಗೆ ತಲುಪಿದ್ದು ಹೆಚ್ಚಾಗಿ ಅಗ್ಗದ ಪಾಲಿಯೆಸ್ಟರ್ ಧ್ವಜಗಳು. ತಿದ್ದುಪಡಿಯನ್ನು ಹಿಂಪಡೆಯಬೇಕೆಂದು ಬೆಂಗೇರಿಯ ಸಂಘ ಪ್ರತಿಭಟಿಸಿತು. ಖಾದಿ ಧ್ವಜದ ಬೇಡಿಕೆ ಕುಸಿಯಿತು. ಕೈಯಿಂದ ನೂತು ಕೈಯಿಂದ ನೇಯ್ದ ಬಟ್ಟೆ ಬೆಲೆಯಲ್ಲಿ ಯಂತ್ರದ ಪಾಲಿಯೆಸ್ಟರಿನ ಜೊತೆ ಸ್ಪರ್ಧಿಸಲಾರದು ಎಂಬುದು ಎಲ್ಲರಿಗೂ ತಿಳಿದದ್ದೇ.

ಧ್ವಜದ ಬೇಡಿಕೆ ವರ್ಷದಲ್ಲಿ ಎರಡು ದಿನಗಳ ಸುತ್ತ ನಿಂತಿದೆ: ಜನವರಿ 26 ಮತ್ತು ಆಗಸ್ಟ್ 15. ಉಡುಪಿನ ಬಟ್ಟೆಗೆ ವರ್ಷವಿಡೀ ಗಿರಾಕಿ ಬಂದರೆ ಮಾತ್ರ ನೂಲುವವರ ಮತ್ತು ನೇಯುವವರ ಕೈಗೆ ಕೆಲಸ ಉಳಿಯುತ್ತದೆ. ಮದುವೆಯ ಕೋಟಿನ ಪ್ರಶ್ನೆ ಇಲ್ಲಿಗೆ ಬಂದು ಸೇರುತ್ತದೆ. ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುವ ಟಕ್ಸಿಡೊಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್. ನಮ್ಮ ಸೆಕೆಗೆ ಅವು ಆಗುವುದಿಲ್ಲ, ನಮ್ಮ ನೇಕಾರನಿಗೆ ಅವುಗಳಿಂದ ಒಂದು ಪೈಸೆಯೂ ಇಲ್ಲ.

ಖಾದಿಯಲ್ಲಿ ಬಂದ್‌ಗಲಾ ಹೊಲಿಸುವವರಿಗೆ

- ಖಾದಿ ಎಂದರೆ ಹತ್ತಿ ಮಾತ್ರವಲ್ಲ. ಕೈಯಿಂದ ನೂತು ಕೈಯಿಂದ ನೇಯ್ದ ರೇಷ್ಮೆಯೂ ಉಣ್ಣೆಯೂ ಖಾದಿಯೇ. ಸಂಜೆಯ ಸಮಾರಂಭಕ್ಕೆ ರೇಷ್ಮೆ ಖಾದಿ, ಹಗಲಿಗೆ ದಪ್ಪ ಹತ್ತಿ ಖಾದಿ ಒಪ್ಪುತ್ತದೆ.

- ಕೊಳ್ಳುವಾಗ ಖಾದಿ ಮಾರ್ಕ್ ಇದೆಯೇ ನೋಡಿರಿ. ಖಾದಿಯಂತೆ ಕಾಣುವ ಯಂತ್ರದ ಬಟ್ಟೆ ಖಾದಿಯ ಹೆಸರಿನಲ್ಲಿ ಮಾರಾಟವಾಗುವುದುಂಟು. 2013ರ ನಿಯಮಾವಳಿಯಿಂದ ಈ ಗುರುತು ಜಾರಿಗೆ ಬಂದಿದೆ.

- ಖಾದಿಯ ಅಗಲ ಮಿಲ್ ಬಟ್ಟೆಗಿಂತ ಕಡಿಮೆ ಇರಬಹುದು. ಎಷ್ಟು ಮೀಟರ್ ಬೇಕೆಂದು ಅಗಲವನ್ನು ಹೇಳಿ ದರ್ಜಿಯನ್ನು ಮೊದಲೇ ಕೇಳಿಕೊಳ್ಳಿರಿ.

- ಹತ್ತಿ ಖಾದಿ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿಸಬೇಕು. ಈ ಒಂದು ಎಚ್ಚರಿಕೆ ತಪ್ಪಿದರೆ ಒಳ್ಳೆಯ ಕೋಟೂ ಹಾಳು.

- ಕೈನೂಲಿನ ಬಟ್ಟೆ ಬೇಗ ಸುಕ್ಕಾಗುತ್ತದೆ. ಎದೆಗೂ ಕೊರಳಿಗೂ ಒಳಗೆ ಕ್ಯಾನ್ವಾಸ್ ಇಡಿಸಿರಿ; ಒಳ ಅಸ್ತರಿಗೆ ಪಾಲಿಯೆಸ್ಟರ್ ಬದಲು ತೆಳು ಹತ್ತಿ ಹಾಕಿಸಿದರೆ ಬೆವರು ಕಡಿಮೆ.

- ಬದಿಗಳಲ್ಲಿ ಒಂದಿಂಚು ಹೆಚ್ಚಿನ ಬಟ್ಟೆ ಬಿಡಲು ಹೇಳಿರಿ. ಹತ್ತು ವರ್ಷಗಳ ನಂತರ ಸೊಂಟ ಹೆಚ್ಚಿದಾಗ ಕೋಟು ಹಿಗ್ಗಿಸಬಹುದು.

- ಗಾಂಧಿ ಜಯಂತಿಯ ಸುತ್ತಮುತ್ತ ಖಾದಿ ಮಳಿಗೆಗಳಲ್ಲಿ ರಿಯಾಯಿತಿ ನೀಡುವ ರೂಢಿಯಿದೆ. ಜನವರಿಯ ಮದುವೆಗೆ ಅಕ್ಟೋಬರಿನಲ್ಲೇ ಬಟ್ಟೆ ಕೊಂಡರೆ ದರ್ಜಿಗೂ ಸಮಯ ಸಿಗುತ್ತದೆ.

ಕೊಳ್ಳುವುದೋ ಬಾಡಿಗೆಗೆ ತರುವುದೋ?

ಇದಕ್ಕೆ ಸುಲಭದ ಲೆಕ್ಕವಿದೆ. ಉಡುಪಿನ ಒಟ್ಟು ಬೆಲೆಯನ್ನು ತೊಡುವ ದಿನಗಳಿಂದ ಭಾಗಿಸಿರಿ. ಉದಾಹರಣೆಗೆ ಶೂ, ಅಂಗಿ ಸೇರಿ 20,000 ರೂಪಾಯಿಯ ಟಕ್ಸಿಡೊವನ್ನು ಜೀವನದಲ್ಲಿ ಎರಡು ಸಲ ತೊಟ್ಟರೆ ಒಂದು ದಿನಕ್ಕೆ 10,000 ರೂಪಾಯಿ ಆಯಿತು. 12,000 ರೂಪಾಯಿಯ ಬಂದ್‌ಗಲಾವನ್ನು ಮದುವೆಗೂ, ತಮ್ಮಂದಿರ ಮದುವೆಗೂ, ಕ್ರಿಸ್ಮಸ್ ಹಬ್ಬಕ್ಕೂ, ಕಚೇರಿಯ ಸಮಾರಂಭಕ್ಕೂ ಸೇರಿ ಇಪ್ಪತ್ತು ಸಲ ತೊಟ್ಟರೆ ದಿನಕ್ಕೆ 600 ರೂಪಾಯಿ. ನಿಮ್ಮ ಊರಿನ ಬೆಲೆ ಹಾಕಿ ನೀವೇ ಲೆಕ್ಕ ಮಾಡಿಕೊಳ್ಳಿರಿ.

ಟಕ್ಸಿಡೊ ಕೊಳ್ಳುವುದು ಯಾರಿಗೆ ಸರಿ? ಐಷಾರಾಮಿ ಹಡಗುಗಳಲ್ಲಿ, ದೊಡ್ಡ ಹೋಟೆಲುಗಳಲ್ಲಿ ಕೆಲಸ ಮಾಡುವವರಿಗೆ, ಬ್ಯಾಂಡಿನ ವಾದ್ಯಗಾರರಿಗೆ, ಮದುವೆಗಳ ನಿರೂಪಕರಿಗೆ, ವಿದೇಶದಲ್ಲಿದ್ದು ವರ್ಷಕ್ಕೆ ಮೂರು ನಾಲ್ಕು ಬಾರಿಯಾದರೂ ಬ್ಲ್ಯಾಕ್ ಟೈ ಆಮಂತ್ರಣ ಬರುವವರಿಗೆ. ಅವರು ಉಣ್ಣೆಯದನ್ನೇ ಕೊಳ್ಳಲಿ. ಅದು ವರ್ಷಗಟ್ಟಲೆ ಬಾಳುತ್ತದೆ. ಉಳಿದವರಿಗೆ ಒಂದು ದಿನದ ಬಾಡಿಗೆ ಸಾಕು.

ಬಾಡಿಗೆಗೆ ತರುವಾಗ ಭುಜದ ಅಳತೆಯನ್ನು ಮೊದಲು ನೋಡಿರಿ, ಏಕೆಂದರೆ ತೋಳು ಮತ್ತು ಸೊಂಟವನ್ನು ಸರಿಪಡಿಸಬಹುದು, ಭುಜವನ್ನು ಆಗದು. ಸಮಾರಂಭಕ್ಕೆ ಎರಡು ದಿನ ಮೊದಲೇ ಕೋಟನ್ನು ಮನೆಗೆ ತನ್ನಿ. ಮೊದಲೇ ಇರುವ ಕಲೆ, ಹರಿದ ಹೊಲಿಗೆಗಳನ್ನು ರಸೀದಿಯ ಮೇಲೆ ಬರೆಸಿಕೊಳ್ಳಿರಿ. ಠೇವಣಿ ಎಷ್ಟು, ಯಾವಾಗ ಹಿಂತಿರುಗಿಸುತ್ತಾರೆ, ಡ್ರೈ ಕ್ಲೀನಿಂಗ್ ಖರ್ಚು ಯಾರದು ಎಂಬುದನ್ನು ಬರಹದಲ್ಲಿ ಪಡೆಯಿರಿ.

ಕರಾವಳಿಯಲ್ಲಿ ಕೋಟಿನ ಆರೈಕೆ

ಹುಬ್ಬಳ್ಳಿ ಧಾರವಾಡದ ಒಣಹವೆಯಲ್ಲಿ ಹಾಗೇ ಉಳಿಯುವ ಕೋಟು ಕರಾವಳಿಯ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿಯಬಲ್ಲದು. ತೊಟ್ಟ ಮರುದಿನ ಕೋಟನ್ನು ಗಾಳಿಯಾಡುವ ನೆರಳಲ್ಲಿ ಅಗಲ ಭುಜದ ಹ್ಯಾಂಗರಿಗೆ ತೂಗುಹಾಕಿ, ಬೆವರು ಆರಿದ ಮೇಲೆ ಬ್ರಶ್ ಮಾಡಿರಿ. ಪ್ರತಿ ಸಲವೂ ಡ್ರೈ ಕ್ಲೀನ್ ಬೇಡ. ಅದು ಬಟ್ಟೆಯ ಆಯುಷ್ಯವನ್ನು ಕಡಿಮೆ ಮಾಡುತ್ತದೆ. ಅಂಗಡಿಯ ಪ್ಲಾಸ್ಟಿಕ್ ಚೀಲವನ್ನು ಎಸೆದು ಹಳೆಯ ಹತ್ತಿ ಬಟ್ಟೆಯ ಹೊದಿಕೆ ಹಾಕಿರಿ, ಏಕೆಂದರೆ ಪ್ಲಾಸ್ಟಿಕ್ ತೇವವನ್ನು ಒಳಗೇ ಹಿಡಿದಿಡುತ್ತದೆ. ನುಸಿಗುಳಿಗೆ ಬಟ್ಟೆಗೆ ನೇರವಾಗಿ ತಾಗಬಾರದು. ಒಣಗಿದ ಬೇವಿನ ಎಲೆಯನ್ನು ಪೊಟ್ಟಣ ಕಟ್ಟಿ ಇಡಬಹುದು. ಜೂನಿನಿಂದ ಸೆಪ್ಟೆಂಬರ್ ತನಕ ಬಿಸಿಲು ಕಂಡ ದಿನ ಕಪಾಟಿನ ಬಾಗಿಲು ತೆರೆದಿಡಿರಿ. ಸ್ಯಾಟಿನ್ ಲ್ಯಾಪಲ್ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ನೇರವಾಗಿ ಇಡಬಾರದು. ಮೇಲೆ ಬಟ್ಟೆ ಹಾಸಬೇಕು.

ಧರ್ಮಕೇಂದ್ರಗಳ ಕಾರ್ಯಕರ್ತರ ಗಮನಕ್ಕೆ

ಈ ವಿಷಯದಲ್ಲಿ ಹಣಕ್ಕಿಂತಲೂ ಹೆಚ್ಚು ನೋವು ಕೊಡುವ ಒಂದು ಸಂಗತಿಯಿದೆ. ಎಲ್ಲ ಧೆಡೊಗಳೂ ಒಂದೇ ಬಗೆಯ ಟಕ್ಸಿಡೊ ತೊಡಬೇಕು ಎಂದು ವರನ ಮನೆಯವರು ತೀರ್ಮಾನಿಸಿದಾಗ, ಖರ್ಚು ಭರಿಸಲಾಗದ ಗೆಳೆಯ ಅಥವಾ ದೊಡ್ಡಪ್ಪನ ಮಗ 'ಆ ದಿನ ಕೆಲಸವಿದೆ' ಎಂದು ಹೇಳಿ ತಪ್ಪಿಸಿಕೊಳ್ಳುತ್ತಾನೆ. ನಿಜವಾದ ಕಾರಣ ಯಾರಿಗೂ ತಿಳಿಯುವುದಿಲ್ಲ. ಬಾಲ್ಯದಿಂದ ಜೊತೆಗಿದ್ದವನು ಪೀಠದ ಬಳಿ ನಿಲ್ಲುವುದಿಲ್ಲ; ಅವನ ಜಾಗದಲ್ಲಿ ಕೋಟು ಕೊಳ್ಳಬಲ್ಲವನೊಬ್ಬ ನಿಲ್ಲುತ್ತಾನೆ. ವಿವಾಹ ಪೂರ್ವ ತರಬೇತಿಯಲ್ಲಿ ಸಾಲದ ಬಗ್ಗೆ ಮಾತಾಡುವಾಗ ಇದನ್ನೂ ಪ್ರಸ್ತಾಪಿಸುವುದು ಒಳ್ಳೆಯದು.

ಕೆಲವು ಸಲಹೆಗಳು:

1. ಜೊತೆ ನಿಲ್ಲುವವರಿಗೆ ಉಡುಪು ಗೊತ್ತುಪಡಿಸುವವರೇ ಅದರ ಖರ್ಚನ್ನು ಭರಿಸಲಿ. ಅದು ಆಗದಿದ್ದರೆ ಬಣ್ಣವನ್ನಷ್ಟೇ ತಿಳಿಸಲಿ.

2. ಆಮಂತ್ರಣದಲ್ಲಿ ಉಡುಪಿನ ಸೂಚನೆ ಹಾಕುವುದಾದರೆ 'ಅಥವಾ ಭಾರತೀಯ ಉಡುಪು' ಎಂದು ಸೇರಿಸಲಿ. ಹಳ್ಳಿಯಿಂದ ಬರುವ ಹಿರಿಯರು ಪಂಚೆಯಲ್ಲಿ ಬಂದರೆ ಮುಜುಗರವಾಗಬಾರದು.

3. ಸ್ವಂತ ಕೋಟನ್ನು ಮತ್ತೆ ತೊಡದವರಿಂದ ಪಡೆದು, ಶುಚಿಗೊಳಿಸಿ, ಅಗತ್ಯವುಳ್ಳವರಿಗೆ ಕೊಡುವ ವ್ಯವಸ್ಥೆಯನ್ನು ವಾಳೆಯ ಮಟ್ಟದಲ್ಲಿ ಮಾಡಬಹುದು. ಪಡೆದವರ ಹೆಸರು ಹೊರಗೆ ಬರಬಾರದು.

4. ಸಭೆ ಸಮಾರಂಭಗಳಲ್ಲಿ ಗಣ್ಯರಿಗೆ ಹೊದಿಸುವ ಶಾಲು ಪಾಲಿಯೆಸ್ಟರಿನದಾಗಿರದೆ ಖಾದಿ ಅಥವಾ ಕೈಮಗ್ಗದ್ದಾಗಿರಲಿ. 2015ರಿಂದ ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವಾಗಿ ಆಚರಿಸಲಾಗುತ್ತಿದೆ. ಆ ದಿನವನ್ನು ಇದಕ್ಕೆ ಆರಂಭವಾಗಿಸಬಹುದು. ವಿಶ್ವವಿದ್ಯಾನಿಲಯಗಳ ಘಟಿಕೋತ್ಸವಗಳಲ್ಲೂ ಕೈಮಗ್ಗದ ನಿಲುವಂಗಿ ಬಳಸುವಂತೆ ಯುಜಿಸಿ 2019ರಲ್ಲಿ ಕೇಳಿಕೊಂಡಿತ್ತು.

ಕೇಳಿಬರುವ ಪ್ರಶ್ನೆಗಳು

ಕಪ್ಪು ಸೂಟಿಗೆ ಬೋ ಟೈ ಕಟ್ಟಿದರೆ ಟಕ್ಸಿಡೊ ಆಗುವುದೇ?
ಆಗುವುದಿಲ್ಲ. ಆದರೆ ನಮ್ಮ ಊರಿನ ಸಂಜೆ ಸತ್ಕಾರಕೂಟಕ್ಕೆ ಅದು ಧಾರಾಳವಾಗಿ ಸಾಕು.

ಬ್ಲ್ಯಾಕ್ ಟೈ ಆಮಂತ್ರಣ ಬಂದಿದೆ, ಟಕ್ಸಿಡೊ ಇಲ್ಲ. ಏನು ಮಾಡಲಿ?
ಗಾಢ ಬಣ್ಣದ ಬಂದ್‌ಗಲಾ ತೊಟ್ಟು ಹೋಗಿರಿ. ಭಾರತೀಯನಾಗಿ ಅದು ನಿಮ್ಮ ಹಕ್ಕು. ಸಂಶಯವಿದ್ದರೆ ಆಮಂತ್ರಿಸಿದವರಿಗೆ ಮೊದಲೇ ಒಂದು ಮಾತು ತಿಳಿಸಿರಿ.

ಬಿಳಿ ಡಿನ್ನರ್ ಜಾಕೆಟ್ ಮದುವೆಗೆ ಸರಿಯೇ?
ಬೇಸಿಗೆಯ ಸಂಜೆಗೆ ಸರಿ. ಅದರ ಪ್ಯಾಂಟು ಮಾತ್ರ ಕಪ್ಪಾಗಿರಬೇಕು. ವಧುವಿನ ಉಡುಪು ಅಚ್ಚ ಬಿಳಿಯಾಗಿದ್ದರೆ ಕೋಟು ಕೆನೆ ಬಣ್ಣದ್ದಾಗಿದ್ದರೆ ಚೆನ್ನ.

ಖಾದಿ ತೊಟ್ಟರೆ ರಾಜಕಾರಣಿಯಂತೆ ಕಾಣುವುದಿಲ್ಲವೇ?
ಬಿಳಿ ಜುಬ್ಬಾ ತೊಟ್ಟರೆ ಹಾಗೆ ಕಾಣಬಹುದು. ಗಾಢ ನೀಲಿ ಅಥವಾ ಕಂದು ಬಣ್ಣದ, ಅಳತೆಗೆ ಹೊಲಿದ ಖಾದಿ ಬಂದ್‌ಗಲಾ ನೋಡಿದ ಯಾರೂ ಹಾಗೆ ಹೇಳಲಾರರು.

ಉಡುಪು ಅತಿಥಿಗೂ ಆತಿಥೇಯನಿಗೂ ಪರಸ್ಪರ ಗೌರವ ತೋರಿಸುವ ಒಂದು ಬಗೆ. ಡಿನ್ನರ್ ಜಾಕೆಟ್ ಕೂಡ ಆ ಕೆಲಸವನ್ನೇ ಮಾಡುತ್ತದೆ. ಅದನ್ನು ತಿಳಿದು, ಸರಿಯಾದ ಹೊತ್ತಿಗೆ, ಸಾಲ ಮಾಡದೆ ತೊಡುವವರನ್ನು ಆಕ್ಷೇಪಿಸಲು ಕಾರಣವಿಲ್ಲ. ಆದರೆ ಒಂದು ರಾತ್ರಿಯ ಫೋಟೋಗಾಗಿ ವರ್ಷವಿಡೀ ಕಂತು ಕಟ್ಟುವ ಸ್ಥಿತಿ ಯಾವ ಮನೆಗೂ ಬಾರದಿರಲಿ. ಈ ವರ್ಷ ಮದುವೆಯ ಬಟ್ಟೆಗೆ ಹೊರಡುವವರು ಅಂಗಡಿಗೆ ಹೋಗುವ ಮೊದಲು ಮೇಲಿನ ಲೆಕ್ಕವನ್ನೊಮ್ಮೆ ಕಾಗದದ ಮೇಲೆ ಮಾಡಿ ನೋಡಿರಿ. ಹುಬ್ಬಳ್ಳಿಗೆ ಹೋಗುವ ಕೆಲಸವಿದ್ದರೆ ಬೆಂಗೇರಿಗೂ ಹೋಗಿ ಬನ್ನಿ. ಬಟ್ಟೆ ಕೊಳ್ಳದಿದ್ದರೂ ಅದು ಹೇಗೆ ತಯಾರಾಗುತ್ತದೆ ಎಂಬುದನ್ನಾದರೂ ತಿಳಿದು ಬರಬಹುದು.